ಒಂದು ಸೆಂಟ್ ಕತ್ತಲು

ಪಾಲಿಬೆಟ್ಟದ ಸಂತೆಯಲ್ಲಿ ಮತ್ತಿ ತೂಗುತ್ತ ಹಂಸ ಕೇಳುತ್ತಾನೆ:
"ಏನಕ್ಕಾ, ಸಿಕ್ಕಿತಾ ನಿಮ್ಮ ಗ್ರಹ?"
ಆರು ವರ್ಷದಿಂದ ಇದೇ ಪ್ರಶ್ನೆ, ಮೀನು ಮಾತ್ರ ತುಟ್ಟಿ.
ತಟ್ಟೆಗೆ ಒಂದು ಹೆಚ್ಚಿಗೆ ಬಿದ್ದಾಗ
ಮುಳ್ಳು ಎಷ್ಟು ವಾಲಿತೆಂದು ನೋಡುತ್ತೇನೆ.
ಅಭ್ಯಾಸ.

ಮುತ್ತಕ್ಕಿ ಚಿಕ್ಕಮ್ಮನಿಗೆ ಇನ್ನೂ ಅನುಮಾನ:
"ಶನಿಯೋ ರಾಹುವೋ ಹೇಳಿಬಿಡು, ಶಾಂತಿ ಮಾಡಿಸೋಣ."
ನನ್ನದಕ್ಕೆ ಹೆಸರಿಲ್ಲ ಚಿಕ್ಕಮ್ಮಾ,
ಪಟ್ಟಿಯಲ್ಲಿ ಒಂಬತ್ತಂಕಿಯ ನಂಬರು,
ಕೊನೆಗೊಂದು ಸಣ್ಣ ಅಕ್ಷರ, ಅದಿನ್ನೂ ಕೊಟ್ಟಿಲ್ಲ.
ಯಾರ ಜಾತಕದ ಮನೆಯಲ್ಲೂ ಕೂರುವುದಿಲ್ಲ,
ಯಾರನ್ನೂ ಕಾಡುವುದಿಲ್ಲ.
"ನಿನ್ನನ್ನು ಕಾಡಿತಲ್ಲ" ಅನ್ನುತ್ತಾಳೆ, ಕಾಫಿ ಸೋಸುತ್ತ.

ಗ್ರಹ ಕಾಣುವುದೇ ಇಲ್ಲ. ಇದನ್ನು ಹೇಗೆ ಹೇಳಲಿ?
ಕಾಣುವುದು ನಕ್ಷತ್ರ. ಅದೂ ಒಂದು ಚುಕ್ಕಿ.
ಚುಕ್ಕಿಯೂ ಅಲ್ಲ, ಸಾಲು ಸಾಲು ಅಂಕಿ.
ಹನ್ನೊಂದು ದಿನಕ್ಕೊಮ್ಮೆ, ಮೂರು ಗಂಟೆ ಹೊತ್ತು,
ಆ ಅಂಕಿ ನೂರಕ್ಕೆ ಒಂದರಷ್ಟು ತಗ್ಗುತ್ತದೆ.
ಏನೋ ಅಡ್ಡ ಹಾದುಹೋಯಿತು ಅಂತ ಅರ್ಥ.
ಅಥವಾ ಅರ್ಥವೇ ಇಲ್ಲ.

ತಾತ ಮಳೆ ಅಳೆದವನು.
ತೋಟದಂಚಿನ ತಾಮ್ರದ ಮಾಪಕ, ಬೆಳಿಗ್ಗೆ ಎಂಟಕ್ಕೆ ಸರಿಯಾಗಿ.
ನಲವತ್ತೊಂದು ನೋಟ್‌ಬುಕ್ಕು, ಇಂಚು, ಸೆಂಟು.
ಮಾರ್ಚಿನ ಹೂಮಳೆ ತೊಂಬತ್ತೆರಡು ಸೆಂಟು, ಕೆಳಗೆ ಎರಡು ಗೆರೆ.
ಮದುವೆಯ ದಿನವೂ ಇದೆ: ಸೊನ್ನೆ.
ಒಂದು ಜನವರಿಯಲ್ಲಿ ಬರೀ ಒಂದು ಸೆಂಟು,
ಪಕ್ಕದಲ್ಲಿ ಪೆನ್ಸಿಲಿನಲ್ಲಿ, "ಇಬ್ಬನಿಯೂ ಇರಬಹುದು."
ನನ್ನ ಮೂರನೆಯ ಅಧ್ಯಾಯ, ನೂರ ಹದಿನಾಲ್ಕು ಪುಟ,
ಆ ಎರಡು ಪದಗಳ ವಿಸ್ತರಣೆ.

ಮೂರನೆಯ ಸಂಕ್ರಮಣ ಇವತ್ತು ರಾತ್ರಿ, ಒಂದು ನಲವತ್ತಕ್ಕೆ.
ತಲಕಾವೇರಿಯದಾದರೆ ಗಳಿಗೆ ಪತ್ರಿಕೆಯಲ್ಲಿ ಬರುತ್ತಿತ್ತು,
ಜನ ಬಿಂದಿಗೆ ಹಿಡಿದು ಚಳಿಯಲ್ಲಿ ನಿಲ್ಲುತ್ತಿದ್ದರು.
ಇದಕ್ಕೆ ನಾನೊಬ್ಬಳು.
ಸಿಗ್ನಲ್ ಸಿಗುವುದು ಗದ್ದೆಯ ಅಟ್ಟಣಿಗೆಯ ಮೇಲೆ ಮಾತ್ರ,
ಹಾಗಾಗಿ ಚಾತನೂ ಇದ್ದಾನೆ, ಬೇರೆ ಕೆಲಸಕ್ಕೆ:
ಭತ್ತ ಹಣ್ಣಾಗಿದೆ, ಆನೆ ಇಳಿಯುವ ಕಾಲ.

"ಕತ್ತಲಲ್ಲಿ ಆನೆ ಹೇಗೆ ಕಾಣುತ್ತೆ ನಿನಗೆ?"
"ಆನೆಯನ್ನು ಯಾರು ನೋಡ್ತಾರೆ ಅಕ್ಕಾ? ದೀಪ ನೋಡಬೇಕು."
ಗದ್ದೆಯಾಚೆ, ಲೈನುಮನೆಗಳ ಮುಂದೆ, ಒಂದು ಸೋಲಾರ್ ದೀಪ.
"ಹೋಗಿ ಬಂದರೆ ನಡುವೆ ಯಾರೋ ದಾಟಿದರು.
ಬಾಳೆ ಎಲೆಯಾದರೆ ಅದುರುತ್ತೆ.
ಮನುಷ್ಯನಾದರೆ ಚಕ್ ಅಂತ ಮುಗಿಯುತ್ತೆ.
ಆನೆಯಾದರೆ ಮೆಲ್ಲಗೆ ಮುಚ್ಚಿ, ಹಾಗೇ ಇದ್ದು,
ಮೆಲ್ಲಗೆ ಬಿಡುತ್ತೆ. ಮರಿ ಇದ್ದರೆ ಹಿಂದೆಯೇ
ಇನ್ನೊಂದು, ಸಣ್ಣದು."
ಬೆರಳಲ್ಲಿ ಗಾಳಿಯ ಮೇಲೆ ಬರೆದು ತೋರಿಸಿದ.
ಆ ಆಕಾರ ನನಗೆ ಗೊತ್ತು. ಚಿತ್ರ ೩.೭.

"ದೀಪವೇ ಕೆಟ್ಟು ಮಿನುಗುತ್ತಿದ್ದರೆ?"
(ಪರೀಕ್ಷಕರು ಕೇಳುವ ಹಾಗೆ ಕೇಳಿದೆ.
ಹೋದ ವರ್ಷದ ನನ್ನ ಗ್ರಹ
ಒಂದನ್ನೊಂದು ಸುತ್ತುವ ಎರಡು ನಕ್ಷತ್ರವಾಗಿ ಹೊರಬಿತ್ತು.
ಅತ್ತಿರಲಿಲ್ಲ, ಮೂರು ದಿನ ಮಲಗಿದ್ದೆ.)
ಚಾತ ಎಲೆಯಡಿಕೆ ಮಡಚಿ ಬಾಯಿಗಿಟ್ಟು
ಬಲಗಡೆ ಗಲ್ಲ ತೋರಿದ. ಅಲ್ಲಿ, ದೂರ, ಇನ್ನೊಂದು.
"ಅದಕ್ಕೇ ಎರಡು ದೀಪ ನೋಡ್ತೀನಿ."

ಒಂದೂವರೆಗೆ ಫೋನು ಬೆಳಗಿತು. ದೂರದ ಬೆಟ್ಟದಿಂದ,
ದೂರದರ್ಶಕದ ಪಾಳಿಯಲ್ಲಿರುವ ಇಫ್ರತ್:
ಮೋಡ. ಗುಮ್ಮಟ ತೆರೆದಿಲ್ಲ. ಸಾರಿ ಕಣೆ.

ಇಲ್ಲಿ ನೋಡಿದರೆ ಆಕಾಶ ತೊಳೆದಿಟ್ಟ ಹಾಗಿದೆ.
ನನ್ನ ನಕ್ಷತ್ರ ಬರಿಗಣ್ಣಿಗೆ ಸಿಗುವಂಥದ್ದಲ್ಲ,
ಆದರೂ ಅದಿರುವ ಕಡೆ ಕತ್ತೆತ್ತಿ ಕೂತೆ.
ಈಗ ಅಲ್ಲಿ ಅದು ಅಂಚಿಗೆ ಬಂದಿರಬೇಕು.
ಈಗ ಒಳಗೆ. ಅಥವಾ ಇಬ್ಬನಿ.

ಮೊಣಕೈಗೆ ಚಾತನ ಕೈ ತಾಗಿತು.
ಗದ್ದೆಯಾಚೆಯ ದೀಪ ಎಡದಿಂದ ಸವೆಯತೊಡಗಿತ್ತು.
ಪೂರಾ ಹೋಯಿತು.
ಪಟಾಕಿ ಅವನ ಮುಷ್ಟಿಯಲ್ಲೇ ಇತ್ತು, ಗೀರಲಿಲ್ಲ.
"ದಾಟಿ ಹೋಗ್ತಿದೆ, ಹೋಗ್ಲಿ" ಎಂದ, ಉಸಿರಿನಲ್ಲಿ.
ನಾನು ಗಡಿಯಾರ ನೋಡಿದೆ. ಒಂದು ಐವತ್ತೆರಡು.
ಹದಿನಾಲ್ಕು ಸೆಕೆಂಡು.

ಬಲಗಡೆಯ ದೀಪ ಉರಿಯುತ್ತಲೇ ಇತ್ತು.